ಇಪ್ಪತ್ತನಾಲ್ಕು ತಲೆ, ಒಂದು ಖಾಲಿ ಕೌದಿ

ನಮ್ಮ ಕ್ರೆಶ್‌ನಲ್ಲಿ ಮಕ್ಕಳನ್ನು ಎಣಿಸುವುದು ನನ್ನ ಕೆಲಸ, ಎಣಿಸಬೇಡಿ ಎನ್ನುವುದು ಆಯಾಳ ಕೆಲಸ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ರಾಯಚೂರಿನ ಹತ್ತಿ ಮಿಲ್ಲುಗಳಿಗೆ ಹೋಗುವ ಹೆಣ್ಣುಮಕ್ಕಳು ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ನಮ್ಮಲ್ಲಿ ಬಿಟ್ಟು, ಸಂಜೆ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬಂದು ಕರೆದೊಯ್ಯುತ್ತಿದ್ದರು. ಬಾಡಿಗೆಯ ಎರಡು ಕೋಣೆ, ಅಂಗಳದಲ್ಲೊಂದು ಬೇವಿನ ಮರ. ಹನ್ನೆರಡು ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕೆಂದು ನಿಯಮ. ನಾನು ಮತ್ತು ಆಯಾ, ಇಬ್ಬರು, ಮಕ್ಕಳು ಇಪ್ಪತ್ತನಾಲ್ಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಕಾನ್ವೆಂಟಿನಲ್ಲಿ ಓದಿದವಳು ನಾನು. ರೂಲ್ ಎಂದರೆ ರೂಲ್. ಮಗು ಕಣ್ಣಿನಿಂದ ಮರೆಯಾಗಬಾರದು, ಗಂಟೆಗೊಮ್ಮೆ ಹೆಡ್‌ಕೌಂಟ್ ಮಾಡಿ ರಿಜಿಸ್ಟರಿನಲ್ಲಿ ಬರೆಯಬೇಕು. ನಾನು ಬೆರಳು ಚಾಚಿ "ಒನ್, ಟೂ" ಎಂದೊಡನೆ ಆಯಾ ಬಂದು ನನ್ನ ಬೆರಳನ್ನೇ ಹಿಡಿದು ಕೆಳಗಿಳಿಸುತ್ತಿದ್ದಳು.

"ಹಂಗ ಎಣಿಸಬಾರ್ದ್ರೀ ಅಕ್ಕೋರ, ನೆದರ ಆಗ್ತದ. ಕುರಿ ಏನ್ರೀ ಇವು?"

"ದೃಷ್ಟಿಗಿಷ್ಟಿ ಎಲ್ಲ ಸೂಪರ್‌ಸ್ಟಿಷನ್, ಯವ್ವಾ."

"ಅದಽ ಇರ್ಲಿ. ನೀವು ಎಣಿಸಬ್ಯಾಡ್ರಿ."

ಅವಳ ಲೆಕ್ಕವೇ ಬೇರೆ. ಒಂದೊಂದು ಮಗುವಿಗೂ ತಾಯಿ ತನ್ನ ಹಳೆಯ ಸೀರೆಗಳನ್ನು ಹೊಲಿದು ಒಂದು ಪುಟ್ಟ ಕೌದಿ ಕೊಟ್ಟಿರುತ್ತಿದ್ದಳು. ಮಧ್ಯಾಹ್ನದ ನಿದ್ದೆಗೆ ಆಯಾ ಅವನ್ನು ಸಾಲಾಗಿ ಹಾಸುವಳು. ಮಕ್ಕಳು ವಾಸನೆಯಿಂದಲೇ ತಮ್ಮದನ್ನು ಹುಡುಕಿಕೊಂಡು ಅದರ ಮೇಲೆ ಉರುಳುವರು. ಕೌದಿಗಳೆಲ್ಲ ತುಂಬಿದರೆ ಅವಳ ಹಾಜರಿ ಮುಗಿಯಿತು.

ಇಲಾಖೆಯಿಂದ ಬರುತ್ತಿದ್ದ ಇನ್‌ಸ್ಪೆಕ್ಟ್ರೆಸ್‌ಗೆ ಇದು ಹೇಗೆ ಹಿಡಿಸೀತು? ಆಕೆ ಬೆಂಗಳೂರಿನ ಕಡೆಯವರು, ಇಸ್ತ್ರಿ ಮಾಡಿದ ಕಾಟನ್ ಸೀರೆ, ನಗು ಕಡಿಮೆ. ಮೊದಲ ಸಲ ಬಂದಾಗ ಆಯಾಳನ್ನು ಕೇಳಿದರು: "ಎಷ್ಟು ಮಕ್ಕಳಿದ್ದಾರೆ ಈಗ?"

"ದೇವ್ರು ಕೊಟ್ಟಷ್ಟು ಅದಾವ್ರೀ."

ನಾನು ಕೆಮ್ಮಿದೆ. ಆಕೆ ಕೆಮ್ಮಲಿಲ್ಲ, ಬರೆದರು. ಆಯಾಗೆ ಎಣಿಸಲು ಬರುವುದಿಲ್ಲ, ಮುಂದಿನ ಭೇಟಿಯೊಳಗೆ ಬೇರೆಯವರನ್ನು ನೇಮಿಸದಿದ್ದರೆ ಲೈಸೆನ್ಸ್ ರಿನ್ಯೂ ಆಗುವುದಿಲ್ಲ. ಆಯಾ ದೇವದುರ್ಗದಿಂದ ಒಂದು ತಗಡಿನ ಟ್ರಂಕು ಹಿಡಿದು ಬಂದು ನಮ್ಮ ಹಿಂದಿನ ಕೋಣೆಯಲ್ಲೇ ಮಲಗುತ್ತಿದ್ದವಳು. ಕೆಲಸ ಹೋದರೆ ಮನೆಯೂ ಹೋದಂತೆ. ಅವಳಿಗೆ ಹೇಳಲು ಬಾಯಿ ಬರದೆ ದಿನ ದೂಡಿದೆ. ಹುಣಸೆಬೀಜ ಹರಡಿ ಎಣಿಸಲು ಹೇಳಿದೆ. ನೂರರವರೆಗೆ ಸರಸರ ಎಣಿಸಿದಳು! "ಬೀಜ ಎಣಸಾಕ ಬರ್ತದ್ರೀ. ಮಕ್ಕಳ್ನ ಎಣಸಂಗಿಲ್ಲ," ಎಂದು ಬೀಜಗಳನ್ನು ಡಬ್ಬಿಗೆ ಸುರಿದಳು.

ಎರಡನೇ ಭೇಟಿಯ ದಿನ ಜೀಪು ಬಂದಾಗ ಮಧ್ಯಾಹ್ನದ ಉಪ್ಪಿಟ್ಟಿನ ಹೊತ್ತು. ಅದೇ ಗಳಿಗೆಗೆ ಮಾನ್ವಿಯಿಂದ ಹೊಸದಾಗಿ ಬಂದ ಒಬ್ಬ ತಾಯಿ ಮಗನನ್ನು ಸೇರಿಸಿಕೊಳ್ಳಿ ಎಂದು ಬಾಗಿಲಲ್ಲಿ ನಿಂತಿದ್ದಳು. ಜಾಗವಿಲ್ಲ, ಸ್ವಲ್ಪ ಕೂತಿರು ಎಂದೆ. ಅವಳು ಕೂತಳು. ಮಗ ಕೂರಲಿಲ್ಲ, ಪಂಕ್ತಿಗೆ ಸೇರಿ ಉಪ್ಪಿಟ್ಟು ತಿನ್ನತೊಡಗಿದ. ಗಡಿಬಿಡಿಯಲ್ಲಿ ನಾನು ಅವನನ್ನು ಮರೆತೇಬಿಟ್ಟೆ.

ಇನ್‌ಸ್ಪೆಕ್ಟ್ರೆಸ್ ಎಣಿಸಿದರು: ಇಪ್ಪತ್ತನಾಲ್ಕು. ನಾನೂ ಜೋರಾಗಿ ಎಣಿಸಿದೆ: ಟ್ವೆಂಟಿಫೋರ್. ಥ್ಯಾಂಕ್ ಗಾಡ್! ಆಕೆ ಪೆನ್ನಿನ ಕ್ಯಾಪ್ ತೆಗೆದು, ಆಯಾಳತ್ತ ನೋಡದೆಯೇ, "ಇವರ ವಿಷಯ ಏನು ಮಾಡಿದಿರಿ?" ಎಂದರು.

ಅಷ್ಟರಲ್ಲಿ ಆಯಾ ಕೌದಿ ಹಾಸಿ ಮುಗಿಸಿದ್ದಳು. ಮಕ್ಕಳು ಉರುಳಿದರು. ಸಾಲಿನ ಕೊನೆಯಲ್ಲಿ ಹಸಿರಂಚಿನ ಕೌದಿ ಖಾಲಿ. ಎದುರಿಗೆ ಕೌದಿಯಿಲ್ಲದ ಒಬ್ಬ ಹುಡುಗ, ಮಾನ್ವಿಯವನು, ಕೈಬೆರಳು ನೆಕ್ಕುತ್ತ ನಿಂತಿದ್ದ.

"ಅಕ್ಕೋರ, ಬಳಿಗಾರ ಸಾಬರ ಕೂಸು ಎಲ್ಲೈತ್ರೀ?"

ಲೆಕ್ಕ ಸರಿಯಾಗಿತ್ತು, ಮಗು ಇರಲಿಲ್ಲ. ಕೋಣೆ, ಬಚ್ಚಲು, ಬೇವಿನ ಮರದ ಹಿಂದೆ, ನೀರಿನ ತೊಟ್ಟಿ: ಮುಚ್ಚಳ ಭದ್ರವಾಗಿತ್ತು, ಆದರೂ ಎರಡು ಸಲ ಇಣುಕಿದೆ. ಗೇಟು ಅರ್ಧ ತೆರೆದಿತ್ತು. ಅದನ್ನು ತೆರೆದು ಬಂದವರು ಇನ್‌ಸ್ಪೆಕ್ಟ್ರೆಸ್, ಮುಚ್ಚದೆ ಬಿಟ್ಟವಳು ನಾನು.

ಆಯಾ ಬರಿಗಾಲಿನಲ್ಲೇ ಬೀದಿಗೆ ಓಡಿದಳು. ಮರುಕ್ಷಣ ಅವಳ ಕೂಗು: "ಸಿಕ್ಕಾಳ್ರೀ! ಇಲ್ಲಿ ಅದಾಳ್ರೀ ರಾಣಿ!"

ಜೀಪಿನ ಹಿಂದಿನ ಸೀಟಿನಲ್ಲಿ ಮೂರು ವರ್ಷದ ಹುಡುಗಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದಳು. ಡ್ರೈವರ್ ಚಹಾಕ್ಕೆ ಹೋಗಿದ್ದ. ನಮ್ಮನ್ನು ನೋಡಿ ಗದರಿಸುವ ಧ್ವನಿಯಲ್ಲಿ, "ಗಾಡಿ ಕಬ್ ಜಾತೀ, ಖಾಲಾ?" ಎಂದು ಕೇಳಿದಳು. ಗಾಡಿ ಇನ್ನೂ ಯಾಕೆ ಹೊರಡಲಿಲ್ಲವೆಂದು ಅವಳಿಗೆ ಬೇಸರ.

ಆ ಜೀಪು ಅಲ್ಲಿಂದ ನೇರ ದೇವದುರ್ಗಕ್ಕೆ ಹೋಗುವುದಿತ್ತು. ಇನ್‌ಸ್ಪೆಕ್ಟ್ರೆಸ್ ಜೀಪಿನ ಬಾಗಿಲು ಹಿಡಿದು ನಿಂತರು. "ನಾನೇ ಎಣಿಸಿದ್ದೆ," ಎಂದರು, ತಮಗೇ ಎಂಬಂತೆ.

"ಅದಕ್ಕಽ ಹಿಂಗಾತ್ರೀ ಮೇಡಮ್ಮಾರ," ಎಂದಳು ಆಯಾ, ಕೂಸನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತ. "ಇಬ್ಬರೂ ಕೂಡಿ ಎಣಿಸೀರಿ."

ಆಗ ಆಕೆ ನಕ್ಕರು. ಒಳಗೆ ಬಂದು ಆಯಾಳ ಬಗ್ಗೆ ಬರೆದಿದ್ದ ಹಳೆಯ ಷರಾವನ್ನು ಹೊಡೆದುಹಾಕಿದರು. ಆದರೆ ನನ್ನನ್ನು ಬಿಡಲಿಲ್ಲ: ಗೇಟಿಗೆ ಮಕ್ಕಳ ಕೈಗೆಟುಕದಷ್ಟು ಎತ್ತರದಲ್ಲಿ ಚಿಲಕ ಹಾಕಿಸಬೇಕು, ತಲೆ ಎಣಿಸಿದರೆ ಸಾಲದು, ಗಂಟೆಗೊಮ್ಮೆ ಹೆಸರು ಹಿಡಿದು ಕರೆಯಬೇಕು ಎಂದು ಬರೆದರು. ಕರೆಯುವುದು ಯಾರು? ನಾನು ಅಳುಕುತ್ತ ಆಯಾಳನ್ನು ನೋಡಿದೆ.

"ಹೆಸರ ಹಿಡದು ಕರದ್ರ ಏನೂ ಆಗಂಗಿಲ್ರೀ," ಎಂದಳು. "ಅದು ನಾನು ದಿನಾ ಮಾಡಾಕತ್ತೀನಲ್ಲ."

ಅಂದು ಸಂಜೆ ಬಳೆಗಾರ ಸಾಬರ ಹೆಂಡತಿ ಮಿಲ್ಲಿನಿಂದ ಬಂದಾಗ ನಡೆದದ್ದನ್ನು ಹೇಳಿದೆ. ಆಕೆ ಮಗಳನ್ನು ಎದೆಗವುಚಿಕೊಂಡು ಅವಳ ಕೈಕಾಲು ತಡವಿ ನೋಡಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ಆಯಾ ಉಪ್ಪು ಮೆಣಸಿನಕಾಯಿ ತಂದು ಕೂಸಿಗೆ ನಿವಾಳಿಸಿದಳು. ತಟ್ಟೆ ಹಿಡಿದು ನಿಂತವಳು ಕಾನ್ವೆಂಟಿನ ನಾನೇ.

ಆಯಾ ಉಳಿದಳು. ಆಮೇಲಿನ ವರ್ಷಗಳಲ್ಲಿ ಇನ್‌ಸ್ಪೆಕ್ಟ್ರೆಸ್ ಬಂದಾಗಲೆಲ್ಲ, ಹೊರಡುವ ಮುನ್ನ ತಾವೇ ಹಿಂದಿನ ಸೀಟಿನತ್ತ ಬಗ್ಗಿ ನೋಡುತ್ತಿದ್ದರು. ಆಯಾ ಹೊಸ ಚಿಲಕದ ಮೇಲೆ ಕೈಯಿಟ್ಟು ಗೇಟಿನಲ್ಲಿ ನಿಂತು ಹೇಳುತ್ತಿದ್ದಳು:

"ಎಲ್ಲಾ ಇಲ್ಲೇ ಅದಾವ್ರೀ ಮೇಡಮ್ಮಾರ. ನೀವು ಹೋಗಿ ಬರ್ರಿ."