ರತ್ನಮ್ಮ ಮಿಸ್ ಎಣಿಸಿದ ಮೆಟ್ಟಿಲು

ಯಾರನ್ನೇ ಕಂಡರೂ ರತ್ನಮ್ಮ ಮಿಸ್ ಅವರನ್ನು ನೀತಿಯ ಒಂದು ಮೆಟ್ಟಿಲ ಮೇಲೆ ನಿಲ್ಲಿಸಿಬಿಡುತ್ತಿದ್ದರು. ಪೊಲೀಸರನ್ನು ಕಂಡಾಗಷ್ಟೇ ಹೆಲ್ಮೆಟ್ ಹಾಕುವವನು "ಮೊದಲನೇ ಮೆಟ್ಟಿಲು ಕಣಮ್ಮ, ಬರೀ ಭಯ." ಹೊಗಳಿಕೆಗಾಗಿ ಒಳ್ಳೆಯವರಾಗುವವರು ಮೂರನೆಯದು. ಯಾರು ನೋಡಲಿ ಬಿಡಲಿ, ನ್ಯಾಯಕ್ಕೆ ನಿಲ್ಲುವವರು ತುದಿಯಲ್ಲಿ. ತಿಪಟೂರಿನ ಬಿ.ಎಡ್. ಕಾಲೇಜಿನಲ್ಲಿ ಅವರು ಮನಶ್ಶಾಸ್ತ್ರ ಹೇಳುತ್ತಿದ್ದುದೇ ಹೀಗೆ. ನಮ್ಮ ಪ್ರಿನ್ಸಿಪಾಲರು ಎಷ್ಟನೆಯದು ಎಂದರೆ, "ಇನ್ನೂ ಅಂಗಳದಲ್ಲೇ ಚಪ್ಪಲಿ ಬಿಡ್ತಾ ಅವ್ರೆ" ಎಂದು ನಗುತ್ತಿದ್ದರು.

ಒಂದು ದಿನ ಕೇಳಿದರು: "ಪಕ್ಕದವರ ಮರದ ತೆಂಗಿನಕಾಯಿ ನಿಮ್ಮ ತೋಟಕ್ಕೆ ಬಿತ್ತು. ಏನ್ಮಾಡ್ತೀರಿ?"

ಎಲ್ಲರೂ ವಾಪಸ್ ಕೊಟ್ಟು ತುದಿಗೇರಿದರು. ನಾನು ಇದ್ದದ್ದನ್ನೇ ಹೇಳಿದೆ: "ಕೊಡಲ್ಲ ಮಿಸ್. ಪಕ್ಕದ ಕೆಂಪಜ್ಜಿ ಬಂದು ಜಗಳ ಆಡಿ ಇಸ್ಕೊಳ್ಳಲಿ ಅಂತ ಇಟ್ಕೋತೀನಿ."

"ಮೂವತ್ತೆಂಟು ವರ್ಷಕ್ಕೂ ಮೊದಲನೇ ಮೆಟ್ಟಿಲು ಹತ್ತಿಲ್ವಲ್ಲಮ್ಮ!" ತರಗತಿಯೆಲ್ಲ ಗೊಳ್ಳೆಂದಿತು. ಎರಡು ಮಕ್ಕಳ ತಾಯಿ ನಾನು, ಅವಮಾನದಿಂದ ಕುಗ್ಗಿಹೋದೆ. ಸಾಕಪ್ಪಾ ಈ ಓದು ಎಂದು ಮಾರನೆಯ ದಿನದಿಂದ ಕಾಲೇಜೇ ಬಿಟ್ಟೆ.

ನಾಲ್ಕನೆಯ ದಿನ ಮಿಸ್ ನನ್ನನ್ನು ಹುಡುಕಿಕೊಂಡು ನಮ್ಮೂರು ಬಿಳಿಗೆರೆಗೇ ಬಂದರು. ಅವರು ಕೂತಿದ್ದಾಗಲೇ ಕೆಂಪಜ್ಜಿ ಬೇಲಿ ದಾಟಿ ಬಂದಿತು. "ನನ್ ಕಾಯಿ ನುಂಗಾಕೆ ನೋಡ್ತೀಯೇನೇ?" ಎಂದು ಕೂಗಾಡಿತು, ಜಗಲಿಯಲ್ಲಿ ಕೂತು ಎರಡು ರೊಟ್ಟಿ ತಿಂದಿತು, ಕಾಫಿ ಕುಡಿಯಿತು, ಕಾಯಿ ಎತ್ತಿಕೊಂಡು ಹೊರಟಿತು.

"ಯಾವಾಗ್ಲೂ ಹಿಂಗೇನಾ?"

"ಗಂಡ ತೀರ್ಕೊಂಡ ಮೇಲೆ ಅಜ್ಜಿ ಮನೆಬಾಗಿಲು ದಾಟ್ತಿರಲಿಲ್ಲ ಮಿಸ್. ಊಟನೂ ಬಿಟ್ಟಿತ್ತು. ಕರೆದ್ರೆ ಬರಲ್ಲ, ಕಾಯಿ ಅಂದ್ರೆ ಓಡಿ ಬರುತ್ತೆ."

ಮಿಸ್ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಆಮೇಲೆ, "ನಾಳೆ ಬಾ ತಾಯಿ" ಎಂದಷ್ಟೇ ಹೇಳಿದರು.

ಮರುದಿನ ತುಂಬಿದ ತರಗತಿಯಲ್ಲಿ ಅವರೆಂದರು: "ಮೂವತ್ತು ವರ್ಷ ನ್ಯಾಯ ಒಂದನ್ನೇ ಅಳೆದೆ ಕಣ್ರಪ್ಪ. ಇನ್ನೊಬ್ರ ಹಸಿವು, ಸಂಕಟ ನೋಡ್ಕೊಳ್ಳೋದನ್ನ ಲೆಕ್ಕಕ್ಕೇ ಇಟ್ಕೊಳ್ಳಲಿಲ್ಲ. ತಪ್ಪು ನಂದು." ಸೀಮೆಸುಣ್ಣ ನನ್ನ ಕೈಗಿತ್ತು, ತಾವು ಮುಂದಿನ ಬೆಂಚಿನಲ್ಲಿ ನೋಟ್‌ಬುಕ್ ಬಿಚ್ಚಿ ಕೂತರು. "ಈಗ ಹೇಳು, ಬರ್ಕೋತೀನಿ."

ಇಡೀ ಪೀರಿಯಡ್ ನಾನೇ ಮಾತಾಡಿದೆ. ಯಾರೂ ನಗಲಿಲ್ಲ. ಆ ಸಂಜೆ ಬಿಳಿಗೆರೆ ಬಸ್ಸಿನಲ್ಲಿ ನಿಂತೇ ಬಂದರೂ ರಾಣಿಯ ಹಾಗೆ ಬಂದೆ!

ಹಾಲ್ಕುರಿಕೆಯ ಶಾಲೆಯಲ್ಲಿ ನಾನು ಟೀಚರಾದ ಮೇಲೆ, ತುರುವೇಕೆರೆಯ ಅವರ ಮನೆಗೆ ಕಡೆಯ ಸಲ ಹೋಗಿದ್ದೆ. ಮಿಸ್ ಹಾಸಿಗೆ ಹಿಡಿದಿದ್ದರು. ಆರೈಕೆಗಿದ್ದ ನರ್ಸಮ್ಮ, "ನಿಮ್ಮ ಸ್ಟೂಡೆಂಟಾ ಮೇಡಂ?" ಎಂದು ಕೇಳಿದಳು.

ಮಿಸ್ ದಿಂಬಿಗೆ ಮೊಣಕೈಯೂರಿ ಎದ್ದು ಕೂತರು.

"ಅಲ್ಲ ಕಣ್ರೀ. ಐವತ್ತೇಳನೇ ವಯಸ್ಸಲ್ಲಿ ನಾನು ಇವಳ ಸ್ಟೂಡೆಂಟ್ ಆದೆ."