ಮುಂದಿನವನ ಕೈ

ಕಣ್ಣಾರೆ ಕಂಡೆ ಎಂದು ವಿಚಿತ್ರ ಕಥೆ ಹೇಳುವವರನ್ನು ನಾನು ಯಾವತ್ತೂ ನಂಬಿದವನಲ್ಲ. ಅಂಥವರ ಎದುರಿಗೇ 'ಅವತ್ತು ಏನು ತಿಂದಿದ್ರಿ?' ಎಂದು ಕೇಳಿ ನಕ್ಕಿದ್ದೇನೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ತಪ್ಪಿಲ್ಲ. ಇದು ನಡೆದದ್ದು ಸ್ಮಶಾನದಲ್ಲಲ್ಲ, ಸರಿರಾತ್ರಿಯಲ್ಲೂ ಅಲ್ಲ. ಹಾಡಹಗಲು, ಮೈಸೂರು ರಸ್ತೆಯಲ್ಲಿ, ಸೈಕಲ್ ಮೇಲೆ.

ಲೋಕೇಶ ಅತ್ತಿಗುಪ್ಪೆಯಲ್ಲಿ ನಮ್ಮ ಪಕ್ಕದ ಬೀದಿಯವನು, ನನ್ನ ಜೊತೆ ಓದಿದವನು. ನಲವತ್ತು ದಾಟಿದ ಮೇಲೆ ಶುಗರ್ ಬಂತೆಂದು ಗಾಬರಿಯಾಗಿದ್ದವನನ್ನು ಸೈಕಲ್ ಹತ್ತಿಸಿದ್ದು ನಾನು. ನನ್ನ ಹಳೆಯ ಸೈಕಲ್ಲನ್ನೇ ಕೊಟ್ಟೆ. ದೂರದ ಸವಾರಿಯಲ್ಲಿ ಎದುರುಗಾಳಿ ತಪ್ಪಲೆಂದು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುತ್ತೇವೆ. ಹಿಂದಿನವನಿಗೆ ಮುಂದಿನವನ ಬೆನ್ನು ಬಿಟ್ಟರೆ ರಸ್ತೆ ಕಾಣುವುದಿಲ್ಲ. ಹಾಗಾಗಿ ಗುಂಡಿ ಬಂದರೆ ಮುಂದಿನವನು ಕೈ ಇಳಿಸಿ ತೋರಿಸಬೇಕು. 'ಮುಂದೆ ಇರೋನೇ ಹಿಂದೆ ಇರೋನಿಗೆ ಕಣ್ಣು ಕಣೋ' ಎಂದು ಹೇಳಿಕೊಟ್ಟವನೂ ನಾನೇ. ಅವನು ಅದನ್ನು ತನ್ನದೇ ರೀತಿಯಲ್ಲಿ ಮಾಡುತ್ತಿದ್ದ: ಕೈ ತೊಳೆದು ನೀರು ಕೊಡವುವ ಹಾಗೆ, ಎಡಗೈಯನ್ನು ಎರಡು ಸಲ.

ಒಂದೇ ವರ್ಷದಲ್ಲಿ ಗುರುವಿಗೇ ತಿರುಮಂತ್ರ ಹಾಕಿದ. ಭಾನುವಾರ ವಿಜಯನಗರದ ದರ್ಶಿನಿಯಲ್ಲಿ ನಮ್ಮ ಸೈಕಲ್ ಗುಂಪು ಇಡ್ಲಿಗೆ ಸೇರಿದರೆ ಎಲ್ಲರ ಬಾಯಲ್ಲೂ ಲೋಕೇಶ. 'ನಿಮ್ ಶಿಷ್ಯ ಅಲ್ವಾ ಸಾರ್, ಹೆಮ್ಮೆ ಪಡ್ಬೇಕು' ಅನ್ನುತ್ತಿದ್ದರು. ಶಿಷ್ಯ ಮೀರಿಸಿದರೆ ಗುರುವಿಗೆ ಹೆಮ್ಮೆ ಎಂದು ಮೊದಲು ಗಾದೆ ಕಟ್ಟಿದವರು ಯಾರೂ ಸೈಕಲ್ ತುಳಿದವರಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಹೆಂಡತಿ ಕೂಡ 'ಲೋಕೇಶಣ್ಣ ಎಷ್ಟು ಸಣ್ಣ ಆಗಿದಾರೆ ನೋಡಿ' ಅಂದ ದಿನ ಊಟ ಸೇರಲಿಲ್ಲ.

ಇದು ನಡೆದ ದಿನ ನಾವಿಬ್ಬರೇ ಮಂಡ್ಯಕ್ಕೆ ಹೋಗಿ ಬರಲು ಹೊರಟಿದ್ದೆವು, ಹೆಚ್ಚುಕಡಿಮೆ ಇನ್ನೂರು ಕಿಲೋಮೀಟರ್. ವಾಪಸ್ ಬರುವಾಗ ಸುಡುಬಿಸಿಲು, ಜೊತೆಗೆ ಎದುರುಗಾಳಿ. ಚನ್ನಪಟ್ಟಣದವರೆಗೂ ಮುಂದೆ ಇದ್ದು ಗಾಳಿ ತಡೆದವನು ಅವನೇ. ಅಲ್ಲಿ ನನ್ನ ಕಾಲು ಹಿಡಿದುಕೊಂಡಾಗ ನೆಲದ ಮೇಲೆ ಕೂತು ಮೀನಖಂಡ ತಿಕ್ಕಿದ. 'ನಿಧಾನಕ್ಕೆ ಹೋಗೋಣ ಬಿಡೋ, ಏನ್ ಅರ್ಜೆಂಟು?' ಅಂದ. ಆ ಕರುಣೆಯನ್ನು ನನ್ನಿಂದ ತಡೆಯಲಾಗಲಿಲ್ಲ. ಹಠ ಹಿಡಿದು ನಾನೇ ಮುಂದೆ ಹೋದೆ.

ರಾಮನಗರ ದಾಟಿದ ಮೇಲೆ ಸರ್ವಿಸ್ ರಸ್ತೆಯಲ್ಲಿ ಒಂದು ದೊಡ್ಡ ಗುಂಡಿ ಕಂಡಿತು. ಅವನು ನನ್ನ ಬೆನ್ನಿಗೇ ಇದ್ದ. ಕೈ ತೋರಿಸಬೇಕಿತ್ತು. ತೋರಿಸಲಿಲ್ಲ. ಮರೆತೆ ಎಂದು ಹೇಳಿಕೊಳ್ಳಬಹುದು, ಮರೆತಿರಲಿಲ್ಲ. ಎರಡೂ ಕೈಯಲ್ಲಿ ಹ್ಯಾಂಡಲ್ ಬಿಗಿಹಿಡಿದು ಸುಮ್ಮನೆ ಪಕ್ಕಕ್ಕೆ ಸರಿದೆ. ಹಿಂದೆ ಧಡ್ ಎಂಬ ಸದ್ದಾಯಿತು. ತಿರುಗಿ ನೋಡದೆ ತುಳಿದೆ.

ಬಿಡದಿ ಹತ್ತಿರ ಬರುವಾಗ ನೋಡುತ್ತೇನೆ, ಮುಂದೆ ಲೋಕೇಶ! ಅದೇ ಹಳದಿ ಟೀ ಶರ್ಟು, ಎಡಭುಜ ತಗ್ಗಿಸಿ ಕೂರುವ ಅದೇ ಭಂಗಿ, ನಾನು ಕೊಟ್ಟ ಅದೇ ಸೈಕಲ್ಲು. ಸದ್ಯ, ಬಿದ್ದಿಲ್ಲ ಎಂದು ಹೋದ ಜೀವ ಬಂತು. ಮರುಕ್ಷಣವೇ, ಯಾವ ಮಾಯದಲ್ಲಿ ನನ್ನನ್ನು ದಾಟಿದ ಎಂದು ಮತ್ತೆ ಉರಿ. ಅಟ್ಟಿಸಿಕೊಂಡು ಹೋದೆ, ಕೂಗಿದೆ. ಅವನು ತಿರುಗಲಿಲ್ಲ, ಅಂತರವೂ ಕಡಿಮೆಯಾಗಲಿಲ್ಲ. ಆದರೆ ಪ್ರತಿ ಗುಂಡಿಗೂ ಅವನ ಎಡಗೈ ಇಳಿದು ಎರಡು ಸಲ ಕೊಡವುತ್ತಿತ್ತು. ಕೆಂಗೇರಿಗೆ ಮುಂಚೆ, ಒಡೆದ ಪೈಪಿನ ನೀರು ತುಂಬಿ ಗೊತ್ತೇ ಆಗದಂತಿದ್ದ ಹೊಂಡದ ಬಳಿ ಆ ಕೈ ಇಳಿಯದಿದ್ದರೆ, ನಾನು ಹಿಂದಿನ ಲಾರಿಯಡಿಗೆ ಹೋಗುತ್ತಿದ್ದೆ. ನಾಯಂಡಹಳ್ಳಿ ಸಿಗ್ನಲ್ಲಿನಲ್ಲಿ ಬಸ್ಸೊಂದು ಅಡ್ಡ ಬಂತು. ಅದು ಸರಿದಾಗ ಅವನಿರಲಿಲ್ಲ.

ಬ್ಯಾಗಿನಲ್ಲಿದ್ದ ಫೋನು ಹೊಡೆದುಕೊಂಡಿತು. 'ತಲುಪಿದ್ಯೇನೋ? ನಾನಿನ್ನೂ ರಾಮನಗರದ ಹತ್ರಾನೇ ಇದೀನಿ. ಚಕ್ರ ಬೆಂಡಾಗಿದೆ, ಕೈಮೂಳೆ ಹೋಗಿರ್ಬೇಕು. ಬಿದ್ದಾಗ್ಲಿಂದ ಎಳನೀರು ಅಂಗಡೀಲೇ ಕೂತಿದೀನಿ. ಎಷ್ಟು ಸಲ ಫೋನ್ ಮಾಡಿದೆ ಗೊತ್ತಾ?'

ಕಾರು ಮಾಡಿಕೊಂಡು ಹೋಗಿ ಕರೆತಂದೆ. ದಾರಿಯಲ್ಲಿ ನಾನೇನೂ ಕೇಳದೆ ಅವನೇ ಹೇಳಿದ: 'ನಿಂದೇನೂ ತಪ್ಪಿಲ್ಲ ಕಣೋ. ನೀನು ಕೈ ತೋರಿಸ್ದೆ, ನಾನು ನೋಡ್ದೆ. ಎರಡು ಸಲ ಕೊಡವ್ದೆ, ನನ್ ಥರಾನೇ. ಅದಕ್ಕೇ ಸ್ವಲ್ಪನಾದ್ರೂ ಬ್ರೇಕ್ ಹಿಡಿದೆ. ಇಲ್ದಿದ್ರೆ ತಲೇನೇ ಹೋಗ್ತಿತ್ತು.'

ನನ್ನನ್ನು ಉಳಿಸಲು ಹಾಗೆ ಹೇಳಿದನೋ, ನಿಜವಾಗಿ ಕಂಡನೋ? ಕೇಳಬೇಕೆಂದರೆ, ತೋರಿಸಿರಲಿಲ್ಲ ಎಂದು ಮೊದಲು ನಾನು ಒಪ್ಪಿಕೊಳ್ಳಬೇಕು. ವರ್ಷಗಳಾದವು, ಬಾಯಿ ಬಿಡಲಾಗಿಲ್ಲ. ನಾನು ಕಂಡದ್ದು ಬಿಸಿಲಿನ ಭ್ರಮೆ ಎಂದು ಇಟ್ಟುಕೊಂಡರೂ, ಅವನು ಕಂಡದ್ದು? ದರ್ಶಿನಿಯಲ್ಲಿ ಅವನು 'ಇವ್ನು ಕೈ ತೋರಿಸಿದ್ದಕ್ಕೆ ಉಳ್ಕೊಂಡೆ' ಅಂದಾಗಲೆಲ್ಲ ಚಟ್ನಿ ತರುವ ನೆಪದಲ್ಲಿ ಎದ್ದು ಹೋಗುತ್ತೇನೆ.

ಈಗಲೂ ಅವನೇ ನನಗಿಂತ ಜೋರು. ಹೊಟ್ಟೆಕಿಚ್ಚು ಹೋಗಿದೆ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಮುಂದಿರುವಾಗ ನುಣ್ಣಗಿನ ರಸ್ತೆಯಲ್ಲೂ ಕೈ ಕೊಡವುತ್ತೇನೆ. 'ಎಲ್ಲೋ ಗುಂಡಿ?' ಎಂದು ಅವನು ಹಿಂದಿನಿಂದ ನಗುತ್ತಾನೆ. ನಾನು ಒಮ್ಮೆ ತಿರುಗಿ, ಅವನು ಹಿಂದೆಯೇ ಇದ್ದಾನೆಂದು ನೋಡಿಕೊಂಡು, ಮುಂದೆ ತುಳಿಯುತ್ತೇನೆ.