ಇಪ್ಪತ್ತನಾಲ್ಕು ಸರಿ ಇತ್ತು

ಬಣಕಲ್ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಮೂವತ್ತು ವರ್ಷ ರೈಟರ್ ಆಗಿದ್ದೆ. ಆಳುಗಳ ಹಾಜರಿ ಬರೆಯುವುದು, ಕುಯ್ಲಿನ ತೂಕ ನೋಡುವುದು ನನ್ನ ಕೆಲಸ. ಪಿಯುಸಿ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನಾದರೂ ಎಣಿಕೆಯಲ್ಲಿ ಮಾತ್ರ ತಪ್ಪುವವನಲ್ಲ ಎಂಬ ಜಂಬವಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ, ಅರೇಬಿಕಾ ಕುಯ್ಲಿನ ಒಂದು ಬೆಳಿಗ್ಗೆ, ಆ ಜಂಬ ಇಳಿಯಿತು.

ಅಂದು ಕೆಳಗಿನ ಬ್ಲಾಕಿನಲ್ಲಿ ಇಪ್ಪತ್ತನಾಲ್ಕು ಹೆಂಗಸರು ಹಣ್ಣು ಕುಯ್ಯುತ್ತಿದ್ದರು. ಹತ್ತು ಗಂಟೆಗೆ ಒಂಟಿ ಸಲಗ ತೋಟಕ್ಕೆ ನುಗ್ಗಿತು. ಮೇಸ್ತ್ರಿ ಚಂದ್ರಣ್ಣ ಸೀಟಿ ಊದಿದ. ಎಲ್ಲರೂ ಚೀಲ ಬಿಸಾಕಿ, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಓಡಿ ಬಂದರು. ನಾನು ಬಾಗಿಲಲ್ಲಿ ನಿಂತು ತಲೆ ಎಣಿಸಿದೆ. ಇಪ್ಪತ್ತನಾಲ್ಕು. "ಲೆಕ್ಕ ಸರಿ ಇದೆ" ಎಂದು ಗಟ್ಟಿಯಾಗಿ ಹೇಳಿ ಕಬ್ಬಿಣದ ಬಾಗಿಲು ಎಳೆಸಿದೆ.

ಐದು ನಿಮಿಷ ಕಳೆದಿರಬೇಕು. ಮೂಲೆಯಲ್ಲಿದ್ದ ಒಬ್ಬಾಕೆ ಹತ್ತಿರ ಬಂದಳು. "ನಾನು ಆಚೆ ತೋಟದವ್ಳು ಸಾರ್. ಆನೆ ನೋಡಿ ದಿಕ್ಕು ತೋಚದೆ ಇವ್ರ ಹಿಂದೆ ಓಡಿ ಬಂದ್ಬಿಟ್ಟೆ. ನಮ್ಮ ಮನೆಗೊಂದು ಫೋನ್ ಮಾಡ್ತೀರಾ?"

ಅವಳನ್ನು ಬಿಟ್ಟರೆ ನಮ್ಮವರು ಇಪ್ಪತ್ತಮೂರೇ. ನಮ್ಮಲ್ಲಿ ಒಂದು ಸಾಲಿನ ಗಿಡಗಳನ್ನು ಇಬ್ಬರು ಎರಡು ಬದಿಯಿಂದ ಕುಯ್ಯುವುದು ರೂಢಿ. "ನಿಮ್ಮ ನಿಮ್ಮ ಸಾಲಿನ ಜೊತೆಗಾರ್ತಿ ಕೈ ಹಿಡ್ಕೊಳ್ಳಿ" ಎಂದೆ. ಸುಶೀಲ ಒಬ್ಬಳೇ ಉಳಿದಳು. ಅವಳ ಜೊತೆಗಾರ್ತಿ ಗಿರಿಜಮ್ಮನವರಿಗೆ ಕಿವಿ ಮಂದ. ಸೀಟಿ ಕೇಳಿಸಿರಲಿಲ್ಲ.

"ಮೊದಲೇ ಹೇಳ್ಬಾರ್ದಿತ್ತಾ ಮಾರಾಯ್ತಿ?" ಎಂದು ಸುಶೀಲಳನ್ನು ಕೇಳಿದೆ.

"ಹುಡುಕ್ತಾ ಇದ್ದೆ ಸಾರ್. ನೀವು ಲೆಕ್ಕ ಸರಿ ಇದೆ ಅಂದ್ರಲ್ಲ, ಎಲ್ಲೋ ಹಿಂದೆ ಇರ್ಬೇಕು ಅಂದ್ಕೊಂಡು ಸುಮ್ನಾದೆ."

ನಾನೂ ಚಂದ್ರಣ್ಣನೂ ಬ್ಲಾಕಿಗೆ ಇಳಿದೆವು. ಕೆಳಗೆ ಆನೆ ತಿನ್ನಲು ಬಗನಿ ಮರ ಮುರಿಯುವ ಲಟಲಟ ಸದ್ದು. ಕೂಗುವಂತಿಲ್ಲ, ಕೂಗಿದರೆ ಅವರಿಗಿಂತ ಮೊದಲು ಆನೆಗೆ ಕೇಳುತ್ತದೆ. ಒಂದೊಂದೇ ಸಾಲನ್ನು ಬಗ್ಗಿ ನೋಡುತ್ತಾ ಹೋದೆವು. ನೆರಳಿಗೆಂದು ನೆಟ್ಟ ಸಿಲ್ವರ್ ಮರದ ಬುಡದಲ್ಲಿ ಗಿರಿಜಮ್ಮ ಗೋಣಿಚೀಲ ತಲೆಗೆ ಹೊದ್ದು ಮುದುಡಿ ಕೂತಿದ್ದರು. ಇಪ್ಪತ್ತು ಮಾರು ಆಚೆ ಆನೆಯ ಬೆನ್ನು ಕಾಣುತ್ತಿತ್ತು. ರಟ್ಟೆ ಹಿಡಿದು ಎಬ್ಬಿಸಿ, ಉಸಿರು ಬಿಗಿಹಿಡಿದು ಮೇಲೆ ಕರೆತಂದೆವು.

ಬಾಗಿಲು ದಾಟಿದ ಮೇಲೆ ಅವರು ಕೇಳಿದ್ದು ಒಂದೇ ಮಾತು. "ನನ್ನ ಎಣಿಸ್ಲಿಲ್ವಾ ಸಾರ್?"

ಸಂಖ್ಯೆ ಎಂದರೇನು ಎಂದು ನನಗೆ ಅರ್ಥವಾಗಿದ್ದು ಅವತ್ತೇ. ಯಾವ ಇಪ್ಪತ್ತನಾಲ್ಕು ಜನರನ್ನು ತಂದು ನಿಲ್ಲಿಸಿದರೂ ಅದು ಒಪ್ಪಿಕೊಳ್ಳುತ್ತದೆ. ಎಷ್ಟು ಜನ ಎಂಬುದಷ್ಟೇ ಅದಕ್ಕೆ ಬೇಕು. ಯಾರು ಎಂದು ಕೇಳಬೇಕಾದವನು ಎಣಿಸುವವನು. ಉಳಿದ ಎರಡು ವರ್ಷ ನಾನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದೆ, ಉತ್ತರ ಬಂದ ಮೇಲೆಯೇ ಬರೆದುಕೊಂಡೆ. ಗಿರಿಜಮ್ಮನ ಸರದಿ ಬಂದಾಗ ಮಾತ್ರ ಹತ್ತಿರ ಹೋಗಿ ಮುಖ ನೋಡುತ್ತಿದ್ದೆ.